ಮೆರವಣಿಗೆಯ ಕೊನೆಯ ಮುದುಕಿ

ನ್ಯೂರೆಂಬರ್ಗ್,
ಸಂತ ಗಾಲ್ ಹಬ್ಬದ ಮಾರನೆಯ ದಿನ, ಅಕ್ಟೋಬರ್ ೧೫೪೧

ಮಗಳೇ ಸಿಬಿಲ್ಲಾ,

ಕ್ಷೇಮವಾಗಿದ್ದೇನೆ ಎಂದು ಮೊದಲ ಸಾಲಿನಲ್ಲಿ ಬರೆಯಬೇಕಂತೆ. ಕ್ಷೇಮವಾಗಿಲ್ಲ, ಅದಕ್ಕೇ ಬರೆಯುತ್ತಿಲ್ಲ. ಮೊಣಕಾಲು ಹಿಡಿದುಕೊಂಡಿದೆ, ಒಲೆ ಹೊಗೆ ಕಾರುತ್ತದೆ, ಈ ಸಲದ ಎಲೆಕೋಸು ಉಪ್ಪಿಗೆ ಹಾಕಿದ್ದು ಹುಳಿಯಾಗುವ ಬದಲು ಕೊಳೆತುಹೋಯಿತು. ಇದೆಲ್ಲ ನಿನಗೆ ಬೇಕಿಲ್ಲ. ಮೂರು ವರ್ಷದಿಂದ ಬೇಕಾಗಿಲ್ಲದ್ದು ಇವತ್ತು ಯಾಕೆ ಬೇಕಾದೀತು?

ಈ ಕಾಗದ ಮೂರನೆಯದು. ಮೊದಲೆರಡನ್ನು ಹರಿದು ಒಲೆಗೆ ಹಾಕಿದೆ. ಒಂದರಲ್ಲಿ ಬರೀ ಬೈಗುಳವಿತ್ತು, ಇನ್ನೊಂದರಲ್ಲಿ ಅದು ಸಾಲದಷ್ಟಿತ್ತು. ಇದನ್ನಾದರೂ ಮುಗಿಸುತ್ತೇನೆ. ಗುರುವಾರ ಕಲೋನಿಗೆ ಹೊರಡುವ ಜವಳಿ ಬಂಡಿಯವನು ಒಯ್ಯಲು ಒಪ್ಪಿದ್ದಾನೆ. ನಿನ್ನ ಗಂಡನ ಕೈಗೆ ಕೊಡಬೇಡ ಎಂದು ಅವನಿಗೆ ಎರಡು ಸಲ ಹೇಳಿದ್ದೇನೆ.

ಮೊದಲಿನಿಂದ ಹೇಳುತ್ತೇನೆ, ಕೇಳು.

ಸೆಪ್ಟೆಂಬರ್ ಕೊನೆಯಲ್ಲಿ, ಫ್ರಾಂಕ್‌ಫರ್ಟ್ ಜಾತ್ರೆಗೆ ಹೋದವರೆಲ್ಲ ತಿರುಗಿ ಬಂದ ವಾರ, ನಾನು ಬೆಣ್ಣೆ ತರಲು ಅಮ್ಮನವರ ಚರ್ಚಿನ ಮುಂದಿನ ಮಾರುಕಟ್ಟೆಗೆ ಹೋಗಿದ್ದೆ. ಮೆರ್ಟೆನ್ ಆಗಲೇ ತನ್ನ ಸರಕು ಬಿಚ್ಚಿಕೊಂಡು ನಿಂತಿದ್ದ. ನಿನಗೆ ನೆನಪಿರಬೇಕು, ಉದ್ದ ಕತ್ತಿನ ಆ ಅಲೆಮಾರಿ ವ್ಯಾಪಾರಿ. ಕತ್ತಿಗೆ ತಗುಲಿಹಾಕಿಕೊಂಡ ಹಲಗೆಯ ಮೇಲೆ ಪಂಚಾಂಗ, ಸಂತರ ಚಿತ್ರ, ಹಾಡಿನ ಹಾಳೆ ಇಟ್ಟುಕೊಂಡು ಊರೂರು ತಿರುಗುತ್ತಾನೆ. ನಿನ್ನಪ್ಪನ ಚಿತ್ರಗಳನ್ನು ರೇಗೆನ್ಸ್‌ಬರ್ಗ್‌ವರೆಗೂ ಹೊತ್ತು ಮಾರಿದವನು ಅವನೇ. ಅವನ ಸುತ್ತ ಆ ದಿನ ಜನ ಜೇನಿಗೆ ನೊಣ ಮುತ್ತಿದ ಹಾಗೆ ಮುತ್ತಿದ್ದರು. ಅಕ್ಕಸಾಲಿಗರ ಬೀದಿಯ ಕೆಲಸಗಾರರು, ಒಬ್ಬ ಬಡಗಿ, ಮೇಲಿನ ಬೀದಿಯ ದೊಡ್ಡ ಮನೆಯ ಹೆಂಗಸೊಬ್ಬಳು. ಎಲ್ಲರೂ ಕೈಯಲ್ಲಿ ಏನನ್ನೋ ಹಿಡಿದು ನಗುತ್ತಿದ್ದರು. ನಾನೂ ಇಣುಕಿದೆ.

ನಿನ್ನಪ್ಪ ತಾಮ್ರದಲ್ಲಿ ಕೊರೆದ ಹಳ್ಳಿ ಮದುವೆಯ ಮೆರವಣಿಗೆ. ಹತ್ತಕ್ಕೆ ಹತ್ತೂ ಚಿತ್ರ. ಒಂದೊಂದೂ ಹೆಬ್ಬೆರಳಿನ ಅಳತೆ. ಮುಂದೆ ಚರ್ಮದ ಚೀಲದ ವಾದ್ಯ ಊದುವವನು, ಆಮೇಲೆ ಕುಡಿದು ತೂರಾಡುವ ಮಾವ, ಮದುಮಗಳು, ಕುಣಿಯುವ ಜೋಡಿಗಳು. ಆದರೆ ನಮ್ಮ ಅಚ್ಚಲ್ಲ. ನಮ್ಮದರಲ್ಲಿ ಮೆರವಣಿಗೆ ಬಲಕ್ಕೆ ಹೋಗುತ್ತದೆ, ಇದರಲ್ಲಿ ಎಡಕ್ಕೆ. ಅಚ್ಚು ನೋಡಿಕೊಂಡು ತಾಮ್ರದ ಮೇಲೆ ಕೊರೆದು, ಮತ್ತೆ ಅಚ್ಚು ತೆಗೆದರೆ ಎಡಬಲ ಅದಲುಬದಲಾಗುತ್ತದೆ ಎಂದು ಈ ಓಣಿಯ ಕೋಳಿಗೂ ಗೊತ್ತು. ಯಾರೋ ನಕಲು ಹೊಡೆದಿದ್ದರು. ಹೊಡೆಯಲಿ. ಚಿತ್ರ ನೋಡಿ ಚಿತ್ರ ಮಾಡುವುದನ್ನು ಯಾರೂ ಕಳ್ಳತನ ಎನ್ನುವುದಿಲ್ಲ. ಆದರೆ ಮೂಲೆಯಲ್ಲಿ ನಿನ್ನಪ್ಪನ ಗುರುತಿತ್ತು. ದೊಡ್ಡ ಇ ಅಕ್ಷರದ ಮಡಿಲಲ್ಲಿ ಕೂತ ಪುಟ್ಟ ಎಲ್. ಅದು ಮಾತ್ರ ತಿರುಗಾಮುರುಗಾ ಆಗಿರಲಿಲ್ಲ, ನೆಟ್ಟಗಿತ್ತು. ಅಂದರೆ ಬೇಕೆಂದೇ, ಉಲ್ಟಾ ಬರೆದುಕೊಂಡು ಕೊರೆದದ್ದು. ಸತ್ತವನ ಹೆಸರನ್ನು ಕದ್ದು ಅಂಟಿಸಿದ್ದು.

ಕೂಗಿಕೊಂಡೆ. ಏನೇನು ಕೂಗಿದೆನೋ ನನಗೇ ನೆನಪಿಲ್ಲ, ಊರಿಗೆ ನೆನಪಿದೆ. ಮೆರ್ಟೆನ್ ನನ್ನ ತೋಳು ಹಿಡಿದು, "ಅಮ್ಮಾವ್ರೇ, ಅಮ್ಮಾವ್ರೇ, ಸ್ವಲ್ಪ ಈ ಕಡೆ ಬನ್ನಿ, ಒಂದ್ ಮಾತು ಹೇಳ್ಬೇಕು, ಕೂಗ್ಬೇಡಿ" ಎಂದು ಗೋಗರೆದ. ನಾನು ಕೇಳಲಿಲ್ಲ. ಮಾರುಕಟ್ಟೆಯ ಕಾವಲಿನವನು ಬಂದ. ಸರಕು ವಶವಾಯಿತು, ಮೆರ್ಟೆನ್ ನಗರಸಭೆಯ ಕೆಳಗಿನ ಸೆರೆಮನೆಯ ಬಿಲಕ್ಕೆ ಹೋದ. ನಾನು ಮೇಲೆ ಹೋಗಿ ದೂರು ಬರೆಸಿದೆ. ಬೆಣ್ಣೆ ತರುವುದು ಮರೆತೇಹೋಯಿತು.

ಆ ಹತ್ತು ದಿನ ನಾನು ಬಹಳ ಸಂತೋಷವಾಗಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಇದ್ದೆ. ಎಷ್ಟೋ ಕಾಲದ ಮೇಲೆ ನನ್ನ ಕಡೆ ನ್ಯಾಯವಿತ್ತು. ಕಳ್ಳ ಯಾರು ಎಂಬುದರಲ್ಲೂ ನನಗೆ ಅನುಮಾನವಿರಲಿಲ್ಲ. ನಿನ್ನ ಗಂಡ ಟಿಲ್ಮನ್. ಇಸ್ಪೀಟೆಲೆ ಕೊರೆಯುವವನು ನನ್ನ ಮಗಳನ್ನು ಕರೆದುಕೊಂಡು ಹೋದ, ಅದು ಸಾಲದೆಂದು ಈಗ ನನ್ನ ಗಂಡನನ್ನೂ ಕರೆದುಕೊಂಡು ಹೋದ ಎಂದು ಪಕ್ಕದ ಮನೆಯವರಿಗೆಲ್ಲ ಹೇಳಿದೆ. ಸರಕು ಕಲೋನಿನ ಅಂಗಡಿಯಿಂದ ಬಂತು ಎಂದಷ್ಟೇ ಮೆರ್ಟೆನ್ ಬಾಯಿಬಿಟ್ಟಿದ್ದನಂತೆ. ಅಷ್ಟು ನನಗೆ ಸಾಕಾಗಿತ್ತು.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ತಗಡುಗಳು ಸವೆದುಹೋಗಿವೆ. ತಾಮ್ರ ಎಷ್ಟು ದಿನ ತಾಳುತ್ತದೆ? ಮಸಿ ಹಚ್ಚಿ, ಅಂಗೈಯಲ್ಲಿ ಒರೆಸಿ, ಉರುಳೆಯ ಕೆಳಗೆ ತಳ್ಳಿದಾಗಲೆಲ್ಲ ಗೆರೆ ಒಂದು ಕೂದಲಿನಷ್ಟು ತೇಲಿ ಬರುತ್ತದೆ. ಎರಡು ವರ್ಷದಿಂದ ನಮ್ಮ ಮದುವೆಯವರೆಲ್ಲ ಮಂಜಿನಲ್ಲಿ ನಡೆಯುತ್ತಿದ್ದಾರೆ. ಕೆಲಸಕ್ಕೆಂದು ಇಟ್ಟುಕೊಂಡ ವುಲ್ಫ್ ಗೆರೆಗಳನ್ನು ಮತ್ತೆ ಆಳ ಮಾಡುತ್ತೇನೆ ಎಂದು ಕೂತ. ಮದುಮಗಳ ಮುಖ ಕುಂಬಳಕಾಯಿ ಮಾಡಿಟ್ಟ. ಕೊಳ್ಳುವವರು ಹಾಳೆಯನ್ನು ಬೆಳಕಿಗೆ ಹಿಡಿದು, ನನ್ನ ಮುಖ ನೋಡಿ, ಮೆಲ್ಲಗೆ ವಾಪಸು ಇಟ್ಟು ಹೋಗುತ್ತಿದ್ದರು. ಮೆರ್ಟೆನ್ ಸುತ್ತ ಅಷ್ಟು ಜನ ಕಂಡಾಗ ನನಗೆ ಬಂದ ಸಿಟ್ಟಿನಲ್ಲಿ ಎಷ್ಟು ಪಾಲು ಗುರುತಿನದು, ಎಷ್ಟು ಪಾಲು ಆ ಜನರದು ಎಂದು ಈಗ ಬೇರೆ ಮಾಡಿ ಹೇಳಲಾರೆ.

ಹನ್ನೊಂದನೆಯ ದಿನ ಮೆರ್ಟೆನ್‌ನ ಹೆಂಡತಿ ಎಲ್ಸ್ ಬಂದಳು. ಬಟ್ಟೆ ಒಗೆಯುವವಳು, ಮೊಣಕೈವರೆಗೂ ಕೆಂಪಾದ ತೋಳು. ಒಳಗೆ ಬಾ ಎನ್ನುವ ಮೊದಲೇ ಒಳಗಿದ್ದಳು.

"ಏನ್ರಮ್ಮಾ, ಹೊಟ್ಟೆ ತಣ್ಣಗಾಯ್ತಾ?" ಎಂದಳು. "ನನ್ ಗಂಡ ಹನ್ನೊಂದ್ ದಿನದಿಂದ ಕತ್ಲಲ್ಲಿ ಕೂತವ್ನೆ. ಯಾರ್ ಕೊಟ್ರು ಹೇಳು, ಬಿಟ್ಬಿಡ್ತೀವಿ ಅಂತಾರೆ. ಇವ್ನು ಬಾಯ್ ಬಿಡಲ್ಲ. ಯಾಕ್ ಬಿಡಲ್ಲ ಗೊತ್ತಾ?"

"ಕಳ್ಳ ಕಳ್ಳನ್ನ ಕಾಪಾಡ್ತಾನೆ, ಅದರಲ್ಲೇನಿದೆ?" ಎಂದೆ.

"ಹೌದ್ ಕಣ್ರಮ್ಮ, ಕಾಪಾಡ್ತಾವ್ನೆ. ನಿಮ್ ಮಗಳನ್ನ!"

ನಾನು ಕೈಯಲ್ಲಿದ್ದ ಮಸಿಬಟ್ಟೆ ಕೆಳಗಿಟ್ಟೆ. ಅವಳು ನಿಲ್ಲಿಸಲಿಲ್ಲ.

"ಫ್ರಾಂಕ್‌ಫರ್ಟಲ್ಲಿ ನಿಮ್ ಸಿಬಿಲ್ಲಾನೇ ಕೈಯಾರೆ ಕೊಟ್ಟಿದ್ದು. ಕೊರ್ದಿದ್ದೂ ಅವಳೇ. ಮೊದ್ಲು ನಿಮಗ್ ತೋರ್ಸು ಅಂದಿದ್ಳಂತೆ. ಈ ನನ್ ಗಂಡ ಅನ್ನೋ ಕತ್ತೆ, ಮಳೆ ಬರೋ ಹಂಗಿದೆ, ಬೆಳಿಗ್ಗೆ ನಾಕು ಹಾಳೆ ಮಾರ್ಕೊಂಡು ಮಧ್ಯಾಹ್ನ ಅವ್ರ ಮನೇಗ್ ಹೋಗೋಣ ಅಂದ್ಕೊಂಡ. ಹೇಳಕ್ ಬಂದ್ರೆ ನೀವ್ ಕಿವಿ ಕೊಟ್ರಾ? ಊರ್ ತುಂಬ ಕೂಗಿದ್ರಿ. ಈಗ ಅವಳ ಹೆಸರೇಳಿದ್ರೆ ಅವಳು ಈ ಊರಿಗ್ ಕಾಲಿಡಂಗಿಲ್ಲ, ಹೇಳ್ದಿದ್ರೆ ಇವ್ನು ಆಚೆ ಬರಂಗಿಲ್ಲ. ನಿಮ್ ಮಗಳಿಗೆ ನನ್ ಗಂಡ ಯಾಕ್ರಮ್ಮ ಬಿಲದಲ್ಲಿ ಕೊಳೀಬೇಕು? ಅವನೇನ್ ಅವಳ ಅಪ್ಪನಾ?"

ಸುಳ್ಳು ಹೇಳುತ್ತಿದ್ದೀಯ ಎಂದೆ. ಸಿಬಿಲ್ಲಾಗೆ ಅಷ್ಟು ಕೈ ಇಲ್ಲ ಎಂದೂ ಹೇಳಿದೆ. ಎಲ್ಸ್ ಬಾಗಿಲ ಹತ್ತಿರ ಹೋಗಿ ತಿರುಗಿದಳು. "ಕಣ್ಣಿದ್ರೆ ನೋಡ್ಕಳಿ" ಎಂದು ಹೋದಳು.

ವಶ ಮಾಡಿಕೊಂಡ ಸರಕಿನಲ್ಲಿ ಒಂದು ಕಟ್ಟನ್ನು, ನಮ್ಮದರ ಜೊತೆ ಹೋಲಿಸಿ ತೋರಿಸಲೆಂದು, ನನಗೆ ಕೊಟ್ಟಿದ್ದರು. ನಾನು ಅದನ್ನು ಬಿಚ್ಚಿಯೂ ಇರಲಿಲ್ಲ. ಕಿಟಕಿಯ ಪಕ್ಕ ಕೂತು, ನಿನ್ನಪ್ಪನ ಭೂತಗನ್ನಡಿ ತೆಗೆದುಕೊಂಡು, ಒಂದೊಂದನ್ನೇ ನೋಡಿದೆ.

ಟಿಲ್ಮನ್ ಅಲ್ಲ ಎಂದು ಮೊದಲನೆಯದರಲ್ಲೇ ಗೊತ್ತಾಯಿತು. ಎಡಬಲ ಬದಲಾದರೆ ವಾದ್ಯದವನ ಕೈಗಳೂ ಬದಲಾಗಬೇಕು, ಕೆಳಗಿನ ಕೈ ಮೇಲಾಗಬೇಕು. ಸೋಮಾರಿ ನಕಲುಗಾರ ಅದನ್ನೆಲ್ಲ ಯೋಚಿಸುವುದಿಲ್ಲ. ಇಲ್ಲಿ ಬೆರಳು ಬೆರಳನ್ನೂ ಹೊಸದಾಗಿ ಜೋಡಿಸಿ, ಅವನು ಊದುವಂತೆಯೇ ಊದಿಸಿದ್ದರು. ಕತ್ತಿಗಳೆಲ್ಲ ಎಡ ಸೊಂಟದಲ್ಲೇ ಇದ್ದವು. ಮದುಮಗಳ ಮುಖ ಕುಂಬಳಕಾಯಿಯಾಗಿರಲಿಲ್ಲ, ನಿನ್ನಪ್ಪ ಮೊದಲ ಸಲ ಕೊರೆದಾಗ ಇದ್ದಂತೆ, ಅಳುವುದೋ ನಗುವುದೋ ತಿಳಿಯದ ಹುಡುಗಿಯ ಮುಖ. ಸವೆದ ಅಚ್ಚಿನಲ್ಲಿ ಆ ಮುಖ ಇಲ್ಲ. ಅದನ್ನು ಕಣ್ಣಾರೆ ಕಂಡವರಿಗೆ ಮಾತ್ರ ಅದು ನೆನಪಿರಲು ಸಾಧ್ಯ. ಒಂಬತ್ತು ವರ್ಷದವಳಿದ್ದಾಗ ನೀನು ಅವರ ಮೊಣಕೈ ಪಕ್ಕ ನಿಂತು, ಮರಳುದಿಂಬಿನ ಮೇಲೆ ತಗಡನ್ನು ತಿರುಗಿಸಿ ಕೊಡುತ್ತಿದ್ದೆಯಲ್ಲ.

ಹತ್ತನೆಯ ಚಿತ್ರಕ್ಕೆ ಬಂದೆ. ನಿನ್ನಪ್ಪನದರಲ್ಲಿ ಮೆರವಣಿಗೆಯ ಕೊನೆಗೆ ಒಬ್ಬ ಮುದುಕಿ ಬುಟ್ಟಿ ಹೊತ್ತು, ಬೆನ್ನು ತಿರುಗಿಸಿ ನಡೆಯುತ್ತಾಳೆ. ಮುಖವಿಲ್ಲ. ನಿನ್ನ ಮುದುಕಿ ಹಿಂದಕ್ಕೆ ತಿರುಗಿ ನಿಂತಿದ್ದಾಳೆ. ಒಂದು ಕೈ ಸೊಂಟದ ಮೇಲೆ. ಗದ್ದದ ಕೆಳಗೆ ಗಂಟು ಹಾಕಿದ ಟೋಪಿ, ಎಡಗೆನ್ನೆಯಲ್ಲಿ ನರಹುಲಿ, ಮುಂದಿನ ಹಲ್ಲಿನ ಜಾಗ ಖಾಲಿ. ಬಾಯಿ ಇಷ್ಟಗಲ ತೆರೆದಿದೆ. ಯಾರನ್ನೋ ಬೈಯುತ್ತಿದ್ದಾಳೆ.

ಮಾರುಕಟ್ಟೆಯಲ್ಲಿ ಜನ ನಗುತ್ತಿದ್ದದ್ದು ಇದಕ್ಕೆ! ನಾನು ಅವರ ಮಧ್ಯೆ ನುಗ್ಗಿ, ಸೊಂಟದ ಮೇಲೆ ಕೈಯಿಟ್ಟು, ಬಾಯಿ ತೆರೆದು ಕೂಗಿದ್ದೆ. ಅವರಿಗೆ ಎಷ್ಟು ಖುಷಿಯಾಗಿರಬೇಕು.

ಸಿಬಿಲ್ಲಾ, ಆ ಮಧ್ಯಾಹ್ನ ನಿನ್ನನ್ನು ಬೈದಷ್ಟು ನಾನು ಯಾರನ್ನೂ ಬೈದಿಲ್ಲ. ಒಬ್ಬಳೇ ಬೈದೆ. ಅಷ್ಟು ಚಿಕ್ಕ ಜಾಗದಲ್ಲಿ, ಕಡಲೆಕಾಳಿನಷ್ಟು ಮುಖದಲ್ಲಿ, ಹೆತ್ತ ತಾಯಿಯನ್ನು ಹಾಗೆ ಕೂರಿಸಲು ನಿನಗೆ ಹೇಗೆ ಮನಸ್ಸು ಬಂತು? ಬೈದು ಬೈದು ದಣಿದಮೇಲೆ ಮತ್ತೆ ಭೂತಗನ್ನಡಿ ಹಿಡಿದೆ. ಕಣ್ಣಿನ ಕೆಳಗಿನ ಸುಕ್ಕುಗಳನ್ನು ಎಷ್ಟು ನಿಧಾನವಾಗಿ ಕೊರೆದಿದ್ದೀಯ. ಬೇರೆ ಯಾವ ಮುಖಕ್ಕೂ ಅಷ್ಟು ಗೆರೆ ಹಾಕಿಲ್ಲ. ನಾನು ಎಣಿಸಲು ಹೋಗಿ ಬಿಟ್ಟೆ.

ಆಗ ಬೇರೆ ವಿಷಯ ನೆನಪಾಯಿತು, ನೆನಪಾಗದಿದ್ದರೆ ಚೆನ್ನಾಗಿತ್ತು. ನಿನ್ನಪ್ಪ ತೀರಿಹೋದ ವರ್ಷ ನೀನು ಕಿಟಕಿಯ ಬಳಿಯ ಅವರ ಜಾಗದಲ್ಲಿ ಕೂತು ಕೊರೆಯುತ್ತಿದ್ದೆ. ಔಗ್ಸ್‌ಬರ್ಗ್‌ನಿಂದ ಬಂದ ವ್ಯಾಪಾರಿ ನೋಡಿ, "ಏನಮ್ಮಾ, ಎಂಡ್ರೆಸ್ ಲೋಖ್ನರ್ ಅಂಗಡಿ ಅಂತ ಬಂದ್ರೆ ಇಲ್ಲಿ ಮಗಳ ಕೈಲಿ ಆಟ ಆಡಿಸ್ತಿದೀರಾ?" ಎಂದು ಏನೂ ಕೊಳ್ಳದೆ ಹೋದ. ಹೆಣ್ಣುಮಗಳ ಕೈಯದು ಎಂದರೆ ಯಾರೂ ಮುಟ್ಟುವುದಿಲ್ಲ, ಏಳು ಎಂದು ನಿನ್ನನ್ನು ಎಬ್ಬಿಸಿದೆ. ಮಾರನೆಯ ವಾರ ವುಲ್ಫ್ ಆ ಜಾಗದಲ್ಲಿ ಕೂತ. ನೀನು ಉಳಿಗಳನ್ನು ಒಂದೊಂದಾಗಿ ಎಣ್ಣೆ ಬಟ್ಟೆಯಲ್ಲಿ ಒರೆಸಿ ಇಟ್ಟೆ. ನನ್ನ ಮೇಲೆ ಎಗರಾಡಿದ್ದರೆ ನಾನೂ ಎಗರಾಡಿ, ಸಂಜೆಗೆ ಇಬ್ಬರೂ ಗಂಜಿ ಕುಡಿದು ಮಲಗುತ್ತಿದ್ದೆವು. ನೀನು ಸುಮ್ಮನಿದ್ದೆ. ಎರಡು ವರ್ಷ ಸುಮ್ಮನಿದ್ದು, ಇಸ್ಪೀಟೆಲೆಯವನ ಜೊತೆ ಹೋದೆ.

ಹೋಗಲಿ. ನಾನು ದೂರು ವಾಪಸು ತೆಗೆದುಕೊಳ್ಳಲು ನಗರಸಭೆಗೆ ಹೋದೆ. ದೂರು ಬರೆಸುವುದಕ್ಕೆ ಅರ್ಧ ಗಂಟೆ ಸಾಕಾಗಿತ್ತು. ವಾಪಸು ತೆಗೆದುಕೊಳ್ಳುವುದಕ್ಕೆ ನಾಲ್ಕು ದಿನ ಅಲೆದೆ. ಮೊದಲ ದಿನ ಗುಮಾಸ್ತ ಊಟಕ್ಕೆ ಹೋಗಿದ್ದ. ಎರಡನೆಯ ದಿನ ಇದ್ದ, ಆದರೆ ಪುಸ್ತಕ ಮೇಲಿನವರ ಹತ್ತಿರ ಹೋಗಿತ್ತು. ಮೂರನೆಯ ದಿನ ಪುಸ್ತಕವೂ ಇತ್ತು, ಅವನೂ ಇದ್ದ.

"ಅಮ್ಮಾ, ಪುಸ್ತಕದಲ್ಲಿ ಹತ್ತಿದ್ದನ್ನ ಅಳಿಸೋಕೆ ಬರಲ್ಲ. ನೀವು ಬೇಡ ಅಂದ್ರೂ ಈಗ ಅದು ನಿಮ್ಮ ದೂರಲ್ಲ, ಸಭೆಯ ದೂರು" ಎಂದ.

"ನಾನು ಕೊಟ್ಟಿದ್ದು ನನ್ನದಲ್ಲದೆ ಯಾರದಪ್ಪ?"

"ಕೊಟ್ಟಮೇಲೆ ನಿಮ್ಮದು ಹೇಗಾಗುತ್ತಮ್ಮ?"

ನಾಲ್ಕನೆಯ ದಿನ ಹೋದಾಗ, ವಿಚಾರಣೆ ಬುಧವಾರ, ಬಂದು ಹೇಳುವುದನ್ನು ಅಲ್ಲೇ ಹೇಳಿ ಎಂದ. ಕೆಳಗಿನ ಬಿಲದ ಕಿಂಡಿಯಿಂದ ಹಸಿ ಗೋಡೆಯ ವಾಸನೆ ಬರುತ್ತಿತ್ತು. ಮೆರ್ಟೆನ್ ಕೆಮ್ಮುವುದು ಕೇಳಿಸಿತೋ, ಬೇರೆ ಯಾರೋ ಕೆಮ್ಮಿದರೋ ಗೊತ್ತಿಲ್ಲ. ನಾನು ನಿಲ್ಲದೆ ಬಂದುಬಿಟ್ಟೆ.

ಬುಧವಾರ ಹೋದಾಗ ಏನು ಹೇಳಬೇಕೆಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹೆಸರು ಗೊತ್ತಿಲ್ಲ, ಇವನನ್ನು ಬಿಟ್ಟುಬಿಡಿ ಎಂದು ಕಾಲಿಗೆ ಬೀಳೋಣವೆಂದುಕೊಂಡಿದ್ದೆ. ಸಭೆಯ ಹಿರಿಯರು ಮೂವರು ಕೂತಿದ್ದರು. ಮೆರ್ಟೆನ್‌ನನ್ನು ಕರೆತಂದು ನಿಲ್ಲಿಸಿದರು, ಬೆಳಕಿಗೆ ಕಣ್ಣು ಬಿಡಲಾರದೆ ನಿಂತಿದ್ದ. ಹಾಳೆಗಳನ್ನು ಪರೀಕ್ಷಿಸಲು ಅಕ್ಕಸಾಲಿ ಸೆಬಾಲ್ಡ್ ಬಂದಿದ್ದ, ನಿನ್ನಪ್ಪನ ಜೊತೆ ಬಿಯರು ಕುಡಿಯುತ್ತಿದ್ದ ಅದೇ ಸೆಬಾಲ್ಡ್. ಈಗ ಕೂದಲೆಲ್ಲ ಹೋಗಿ ಮೊಟ್ಟೆಯಾಗಿದ್ದಾನೆ.

ಅವನು ನಮ್ಮ ಹಾಳೆ ಒಂದು ಕಡೆ, ನಿನ್ನ ಹಾಳೆ ಒಂದು ಕಡೆ ಜೋಡಿಸಿಟ್ಟು, ಕನ್ನಡಕ ಮೂಗಿಗೆ ಸಿಕ್ಕಿಸಿ ಒಂದೊಂದೇ ನೋಡುತ್ತ ಬಂದ. ಹತ್ತನೆಯದರ ಮೇಲೆ ಬಹಳ ಹೊತ್ತು ಬಗ್ಗಿದ. ತಲೆಯೆತ್ತಿ ನನ್ನನ್ನು ನೋಡಿದ. ಮತ್ತೆ ಬಗ್ಗಿದ. ಮತ್ತೆ ನೋಡಿದ.

"ಒಟ್ಟೀಲಿಯಮ್ಮ, ತಪ್ಪು ತಿಳ್ಕೋಬೇಡಿ. ಒಂಚೂರು ಬಾಯಿ ತೆಗೀರಿ ನೋಡೋಣ" ಎಂದ.

"ಯಾಕೆ? ನಾನೇನು ಕುದುರೆಯಾ?" ಎಂದೆ. ಎನ್ನಲು ಬಾಯಿ ತೆರೆಯಲೇಬೇಕಲ್ಲ.

ಸೆಬಾಲ್ಡ್ ಹಾಳೆಯನ್ನು ಹಿರಿಯರ ಮುಂದೆ ಸರಿಸಿದ. ಮೊದಲು ಒಬ್ಬರು ನಕ್ಕರು, ಆಮೇಲೆ ಮೂವರೂ ನಕ್ಕರು. ಬಾಗಿಲ ಕಾವಲಿನವನು ಕೂಡ ಕತ್ತು ಚಾಚಿ ನೋಡಿ ನಕ್ಕ. ಹದಿನೈದು ದಿನಕ್ಕೂ ಮೇಲೆ ಬಿಲದಲ್ಲಿದ್ದ ಮೆರ್ಟೆನ್ ಮಾತ್ರ ನಗಲಿಲ್ಲ. ತಲೆ ತಗ್ಗಿಸಿ ನಿಂತಿದ್ದ. ಅವನು ಹಾಗೆ ನಿಂತಿದ್ದನ್ನು ನೋಡಿದ ಕ್ಷಣ ನನ್ನ ಬಾಯಿಂದ ಮಾತು ಬಂತು. ಯೋಚಿಸಿ ಆಡಿದ್ದಲ್ಲ.

"ಹೌದು ಸ್ವಾಮಿ, ಅದು ನಾನೇ. ನನ್ನ ಮುಖ ಕಲೋನಿನ ಕಳ್ಳನಿಗೆ ಹೇಗೆ ಗೊತ್ತಾಗಬೇಕು? ಈ ತಗಡು ನಮ್ಮ ಮನೇಲೇ ಕೊರೆದದ್ದು. ಹಳೇದು ಸವೆದಿತ್ತು ಅಂತ ಹೊಸದು ಮಾಡಿಸಿದ್ವಿ. ಮಗಳು ಮದುವೆಯಾಗಿ ಹೋಗುವಾಗ ಬಳುವಳಿಯಾಗಿ ಕೊಟ್ಟೆ. ಗುರುತು ನಮ್ಮ ಅಂಗಡಿಯದೇ. ಮೆರ್ಟೆನ್ ತಪ್ಪು ಏನೂ ಇಲ್ಲ."

ನಗು ನಿಂತಿತು. ನಡುವೆ ಕೂತ ಹಿರಿಯರು ಕೇಳಿದರು: "ಹಾಗಾದ್ರೆ ಇದೇನು ದೂರಮ್ಮಾ? ನಿಮ್ಮ ಮನೆ ಸರಕನ್ನ ನೀವೇ ಕಳವಾಯ್ತು ಅಂತ ಬರೆಸಿದ್ರಾ?"

"ಮರೆತಿದ್ದೆ ಸ್ವಾಮಿ."

"ಹತ್ತು ತಗಡು ಮಾಡಿಸಿದ್ದು ಮರೆತ್ರಾ?"

"ಗಂಡ ಸತ್ತ ವರ್ಷ ಸ್ವಾಮಿ. ಆ ವರ್ಷದ್ದು ಏನೇನೋ ಮರೆತಿದೀನಿ."

ಸೆಬಾಲ್ಡ್ ನನ್ನನ್ನೇ ನೋಡುತ್ತಿದ್ದ. ಅವನಿಗೆ ನಿಜ ಗೊತ್ತು. ಕೊರೆದ ಗೆರೆ ಓದಲು ಬಾರದವನು ಅಕ್ಕಸಾಲಿಯೇ ಅಲ್ಲ. ನಮ್ಮ ಮನೆಯಲ್ಲೇ ಕೊರೆದಿದ್ದರೆ ಒಂದು ಅಚ್ಚಾದರೂ ನಮ್ಮೂರಿನ ಕಾಗದದ ಮೇಲಿರಬೇಕು, ಇವನ್ನು ಬೆಳಕಿಗೆ ಹಿಡಿದರೆ ಎಲ್ಲದರಲ್ಲೂ ರೈನ್ ಕಡೆಯ ಕಾಗದದ ಗಿರಣಿಯ ಗುರುತು ಕಾಣುತ್ತದೆ. ಅವನು ಹಾಳೆಯನ್ನು ಬೆಳಕಿಗೆ ಹಿಡಿಯಲಿಲ್ಲ. ಕನ್ನಡಕ ತೆಗೆದು, "ಎಂಡ್ರೆಸ್ ಮನೆ ಕೈಯೇ ಸ್ವಾಮಿ, ಅನುಮಾನವಿಲ್ಲ" ಎಂದ.

ಮೆರ್ಟೆನ್‌ನನ್ನು ಅಲ್ಲೇ ಬಿಡುಗಡೆ ಮಾಡಿದರು. ನನಗೆ ಸುಳ್ಳು ದೂರಿನ ಛೀಮಾರಿ. ಈಸ್ಟರ್ ಹಬ್ಬದ ತನಕ ಮಾರುಕಟ್ಟೆಯಲ್ಲಿ ಅಂಗಡಿ ಇಡುವ ಹಾಗಿಲ್ಲ. ಹೀಗೆ, ಮೂರು ವರ್ಷ ತಡವಾಗಿ, ನಗರಸಭೆಯ ಮುಂದೆ ನಿನಗೆ ಬಳುವಳಿ ಕೊಟ್ಟೆ. ಅದೂ ನಿನ್ನದೇ ಸಾಮಾನು. ನಾನಾಗಿ ಕೊಟ್ಟದ್ದು ಒಂದು ಚಮಚವೂ ಇಲ್ಲವೆಂದು ನನಗೆ ಗೊತ್ತು, ನೀನು ಎತ್ತಿ ಆಡಬೇಕಾಗಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಮೆರ್ಟೆನ್ ಬಿಸಿಲಿಗೆ ಮುಖವೊಡ್ಡಿ ಕೂತಿದ್ದ. ನಾನು ಕ್ಷಮೆ ಕೇಳಿದೆ. ಸರಿಯಾಗಿ ಬರಲಿಲ್ಲ, ನನಗೆ ಅಭ್ಯಾಸವಿಲ್ಲ. ಅವನು, "ಹೋಗ್ಲಿ ಬಿಡಿ ಅಮ್ಮಾವ್ರೇ, ಒಳಗೆ ಗಾಳಿ ತಣ್ಣಗಿತ್ತು" ಎಂದು ನಕ್ಕ. ಆಮೇಲೆ ಹೇಳಿದ: "ನಿಮ್ ಮಗಳು ಒಂದೇ ಮಾತು ಹೇಳಿ ಕಳ್ಸಿದ್ಲು. ಅಮ್ಮಂಗ್ ತೋರ್ಸು, ಏನಂತಾಳೆ ಕೇಳ್ಕೊಂಡು ಬಾ ಅಂತ. ವಸಂತದ ಜಾತ್ರೇಲಿ ಕೇಳ್ತಾಳೆ. ಏನಂದ್ರು ಅಂತ ಹೇಳ್ಲಿ?"

ನಾನು ಮನೆಗೆ ಬಂದು ಕಾಗದ ಬರೆಯತೊಡಗಿದೆ. ಹಾಗಾಗಿ ಉತ್ತರ ಇಲ್ಲೇ ಕೇಳು.

ಮದುಮಗಳ ತೋಳಿನಲ್ಲಿ ಅಡ್ಡಗೆರೆ ತೀರ ಒತ್ತಾಗಿ ಹಾಕಿದ್ದೀಯ. ಇನ್ನೂರು ಮುನ್ನೂರು ಅಚ್ಚಿಗೇ ಮಸಿ ಕಟ್ಟಿ, ತೋಳು ಕರಿಯ ಸೌದೆಯಾಗುತ್ತದೆ. ನಾಲ್ಕನೆಯದರಲ್ಲಿ ಉಳಿ ಜಾರಿದೆ, ಜೋಡಿಯ ಹಿಂದಿನ ಹುಲ್ಲೆಂದು ಮುಚ್ಚಿಹಾಕಿದ್ದೀಯ, ನನಗೆ ಕಾಣದೇ? ಮಸಿಯಲ್ಲಿ ಎಣ್ಣೆ ಹೆಚ್ಚು, ಗೆರೆಯ ಅಂಚು ಹಳದಿಯಾಗಿದೆ. ಅಗಸೆ ಎಣ್ಣೆಯನ್ನು ಇನ್ನೂ ಕಾಯಿಸಬೇಕು, ನೂಲು ಬರುವ ತನಕ. ಇದನ್ನು ನಾನು ನಿನಗೆ ಕಲಿಸಿದ್ದೆ. ಟಿಲ್ಮನ್ ಅವಸರ ಮಾಡಿದರೆ ಅವನನ್ನೇ ಕಾಯಿಸು. ನಿನ್ನಪ್ಪನ ಗುರುತು ಇನ್ನೆಂದೂ ಹಾಕಬೇಡ. ಅವರದನ್ನು ಅವರು ಸಂಪಾದಿಸಿಕೊಂಡರು. ನಿನಗೆ ಒಂದು ಬೇಕಾದರೆ ನಿನ್ನದೇ ಮಾಡಿಕೊ.

ಮತ್ತು ಆ ಮುದುಕಿ. ನನ್ನ ಹಲ್ಲು ಹೋದದ್ದು ಎಡಗಡೆಯದು. ಅಚ್ಚಿನಲ್ಲಿ ಬಲಕ್ಕೆ ಬಂದಿದೆ. ವಾದ್ಯದವನ ಬೆರಳನ್ನೆಲ್ಲ ಸರಿಮಾಡಿದವಳಿಗೆ ತಾಯಿಯ ಹಲ್ಲು ಸರಿಮಾಡಲು ಆಗಲಿಲ್ಲವೇ?

ಈಗ ನನ್ನ ಪಾಡು ಕೇಳು. ಸಭೆಯಲ್ಲಿ ಆದದ್ದು ಊರೆಲ್ಲ ಹಬ್ಬಿದೆ. ಅಂಗಡಿಯಿಡಬಾರದೆಂದರೂ ಜನ ಮನೆ ಬಾಗಿಲಿಗೇ ಬರುತ್ತಾರೆ. ಒಡವೆಪೆಟ್ಟಿಗೆಯ ಮೇಲೆ ಕೆತ್ತಲು ಮಾದರಿ ಬೇಕೆಂದು ಅಕ್ಕಸಾಲಿಗರು, ಪ್ರಾರ್ಥನೆಯ ಪುಸ್ತಕದ ಒಳರಟ್ಟಿಗೆ ಅಂಟಿಸಲೆಂದು ಮೇಲಿನ ಬೀದಿಯ ಹೆಂಗಸರು. ದೇವರ ಪುಸ್ತಕದಲ್ಲಿ ನನ್ನ ಬಾಯಿ! ನಮ್ಮ ಹಾಳೆ ತೋರಿಸಿದರೆ, "ಇದಲ್ಲಮ್ಮ, ಬೈಯೋ ಮುದುಕಿ ಇರೋದು" ಎನ್ನುತ್ತಾರೆ. ಅದು ನಮ್ಮದೇ ಎಂದು ಸಭೆಯಲ್ಲಿ ಆಣೆಯಿಟ್ಟವಳು ನಾನು. ನನ್ನ ಹತ್ತಿರ ಒಂದು ತಗಡೂ ಇಲ್ಲ. ಇದ್ದ ಒಂದು ಕಟ್ಟನ್ನು ಕೇಳಿದವರಿಗೆ ಕೊಡಲು ಮನಸ್ಸು ಬರುತ್ತಿಲ್ಲ, ಯಾಕೆಂದು ಕೇಳಬೇಡ. ವುಲ್ಫ್ ನಕ್ಕ. ಅವನನ್ನು ಕೆಲಸದಿಂದ ಕಳಿಸಿದೆ. ಕಿಟಕಿಯ ಜಾಗ ಖಾಲಿ ಬಿದ್ದಿದೆ, ಬೆಕ್ಕು ಮಲಗುತ್ತದೆ.

ತಗಡು ಕಳಿಸು ಎಂದು ನಾನು ಕೇಳುತ್ತಿಲ್ಲ. ನೀನೇ ಬಾ ಎಂದೂ ಕೇಳುತ್ತಿಲ್ಲ. ಚಳಿ ಶುರುವಾದರೆ ದಾರಿ ಕೆಡುತ್ತದೆ ಎಂದಷ್ಟೇ ತಿಳಿಸುತ್ತಿದ್ದೇನೆ.

ಬಂಡಿಯವನು ಕಾಯುತ್ತಾನೆ, ಮುಗಿಸುತ್ತೇನೆ.

ಇನ್ನೂ ಸಿಟ್ಟು ಇಳಿಯದ ನಿನ್ನ ತಾಯಿ,
ಒಟ್ಟೀಲಿಯಾ, ಎಂಡ್ರೆಸ್ ಲೋಖ್ನರ್‌ನ ವಿಧವೆ

ಮರೆತ ಮಾತು: ಹಿರಿಯರು ಎದ್ದುಹೋದ ಮೇಲೆ ಗುಮಾಸ್ತ ಪುಸ್ತಕ ಬಿಚ್ಚಿ, "ಕೊರೆದವರು ಯಾರು ಅಂತ ಬರೀಬೇಕಮ್ಮ. ಎಂಡ್ರೆಸ್ ಅಂತ ಹಾಕ್ಲಾ?" ಎಂದು ಕೇಳಿದ. ಹೂಂ ಎಂದಿದ್ದರೆ ಮುಗಿಯುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಬೇಡ, ಸಿಬಿಲ್ಲಾ ಲೋಖ್ನರ್ ಅಂತ ಹಾಕು, ಮಗಳು, ತಾಮ್ರ ಕೊರೆಯುವವಳು ಎಂದೆ. ಹಾಗೊಂದು ಪದವೇ ಇಲ್ಲ ಎಂದು ವಾದ ಮಾಡಿದ. ಬರೆಯುವ ತನಕ ನಾನು ಅಲ್ಲಿಂದ ಕದಲಲಿಲ್ಲ. ಬರೆದ, ಆದರೆ ನಿನ್ನ ಹೆಸರಿನಲ್ಲಿ ಒಂದೇ ಎಲ್ ಹಾಕಿದ. ಪುಸ್ತಕದಲ್ಲಿ ಹತ್ತಿದ್ದನ್ನು ಅಳಿಸಲು ಬರುವುದಿಲ್ಲವಂತೆ. ಚಾಕು ಕೊಟ್ಟು, ಕೆರೆಸಿ, ಎರಡು ಎಲ್ ಹಾಕಿಸಿಯೇ ಬಂದೆ.